ಡಾಗ್ ಫುಡ್ ಡಬ್ಬಿಯಲ್ಲೇ ಕೆಟ್ಟಿತೇ? ಲಕ್ಷಣ ನೋಡಿ ಕಾರಣ ಹಿಡಿಯುವ ಬಗೆ

ಒಣ ಡಾಗ್ ಫುಡ್ ನೋಡಲು ಕಾಳಿನ ಹಾಗಿದ್ದರೂ ಅಕ್ಕಿ, ರಾಗಿಯಂತೆ ವರ್ಷಗಟ್ಟಲೆ ಉಳಿಯುವ ಪದಾರ್ಥ ಅಲ್ಲ. ಧಾನ್ಯ ಮತ್ತು ಮಾಂಸದ ಪುಡಿಯನ್ನು ಬೇಯಿಸಿ, ಒಣಗಿಸಿ, ಹೊರಮೈಗೆ ಕೊಬ್ಬು ಸವರಿ ಮಾಡಿದ ತಿಂಡಿ ಅದು. ಸ್ವಭಾವದಲ್ಲಿ ಚಕ್ಕುಲಿ, ಕೋಡುಬಳೆಗೆ ಹತ್ತಿರ. ಚಕ್ಕುಲಿ ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಕಮಟು ಹಿಡಿಯುತ್ತದೆ. ಡಾಗ್ ಫುಡ್ ಕೆಡುವುದೂ ಮುಖ್ಯವಾಗಿ ಈ ಎರಡು ದಾರಿಯಲ್ಲೇ.

ಆದ್ದರಿಂದ ಕಾರಣ ಹುಡುಕುವಾಗ ಊರು ಮತ್ತು ತಿಂಗಳು ಅರ್ಧ ಉತ್ತರ ಹೇಳಿಬಿಡುತ್ತವೆ. ಮಂಗಳೂರು, ಉಡುಪಿ, ಕಾರವಾರ, ತೀರ್ಥಹಳ್ಳಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲ ಅನುಮಾನ ತೇವದ ಮೇಲೆ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಅನುಮಾನ ಕೊಬ್ಬಿನ ಮೇಲೆ. ಬೆಂಗಳೂರು, ಮೈಸೂರಿನಲ್ಲಿ ಹವೆ ಅಷ್ಟು ತೊಂದರೆ ಕೊಡುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಕೆಡಿಸುವುದು ಚಿಕ್ಕ ನಾಯಿಗೆ ತಂದ ದೊಡ್ಡ ಚೀಲ, ಇಲ್ಲವೇ ಅಂಗಡಿಯ ತೆರೆದ ಮೂಟೆಯಿಂದ ಕೆ.ಜಿ. ಲೆಕ್ಕದಲ್ಲಿ ತೂಗಿಸಿ ತಂದ ಬಿಡಿ ಮಾಲು.

## ನಾಯಿಗೆ ಈಗಾಗಲೇ ಹುಷಾರಿಲ್ಲದಿದ್ದರೆ

ಮೈ ನಡುಗುತ್ತಿದೆ, ಮತ್ತೆ ಮತ್ತೆ ವಾಂತಿಯಾಗುತ್ತಿದೆ, ಕಣ್ಣಿನ ಬಿಳಿಭಾಗ ಅಥವಾ ವಸಡು ಹಳದಿಯಾಗಿದೆ, ಮೂತ್ರ ಕಡು ಚಹಾ ಬಣ್ಣಕ್ಕೆ ತಿರುಗಿದೆ, ಮಲದಲ್ಲಿ ರಕ್ತ ಇದೆ: ಇವುಗಳಲ್ಲಿ ಒಂದು ಕಂಡರೂ ಡಬ್ಬಿ ಪರೀಕ್ಷಿಸುತ್ತ ಕೂರಬೇಡಿ. ಆ ಆಹಾರ ನಿಲ್ಲಿಸಿ, ಚೀಲವನ್ನೂ ಜೊತೆಗೆ ತೆಗೆದುಕೊಂಡು ನೇರ ಪಶುವೈದ್ಯರ ಹತ್ತಿರ ಹೋಗಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪಿನಂಶ ಏರಿ ನಾಯಿಯ ಜೀವಕ್ಕೇ ಕುತ್ತು ಬರಬಹುದು.

## ಯಾವ ಲಕ್ಷಣವೇ ಇರಲಿ, ಮೊದಲು ಈ ನಾಲ್ಕು ನೋಡಿ

ಖರ್ಚಿಲ್ಲದ ತಪಾಸಣೆಗಳಿವು. ಅರ್ಧದಷ್ಟು ಪ್ರಕರಣಗಳಿಗೆ ಉತ್ತರ ಇಲ್ಲೇ ಸಿಗುತ್ತದೆ ಎಂಬ ನಿರೀಕ್ಷೆಯಿಂದ ಶುರುಮಾಡಿ.

ಚೀಲ ತೆರೆದ ದಿನ ಯಾವುದು? ಚೀಲದ ಮೇಲಿನ ‘ಬೆಸ್ಟ್ ಬಿಫೋರ್’ ದಿನಾಂಕ ಒಡೆಯದ ಚೀಲಕ್ಕೆ ಮಾತ್ರ ಅನ್ವಯ. ಬಾಯಿ ಬಿಚ್ಚಿದ ಮೇಲೆ ಲೆಕ್ಕ ಬೇರೆ: ನಾಲ್ಕರಿಂದ ಆರು ವಾರದೊಳಗೆ ಮುಗಿಯಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎರಡು-ಮೂರು ವಾರಕ್ಕೆ ಮುಗಿಯುವಷ್ಟೇ ತರುವುದು ಕ್ಷೇಮ.

ಚೀಲದ ಅಳತೆ ನಾಯಿಗೆ ಹೊಂದುತ್ತದೆಯೇ? ಸುಮಾರು 30 ಕೆ.ಜಿ. ತೂಗುವ ಲ್ಯಾಬ್ರಡಾರ್ ದಿನಕ್ಕೆ 350ರಿಂದ 400 ಗ್ರಾಂ ತಿಂದರೆ 15 ಕೆ.ಜಿ. ಚೀಲ ನಲವತ್ತು ದಿನದ ಆಸುಪಾಸಿನಲ್ಲಿ ಖಾಲಿ. ಅದೇ ಚೀಲವನ್ನು ದಿನಕ್ಕೆ 80 ಗ್ರಾಂ ತಿನ್ನುವ ಪೊಮೆರೇನಿಯನ್‌ಗೆ ತಂದರೆ ಆರು ತಿಂಗಳು! ಕೆ.ಜಿ.ಗೆ ಇಷ್ಟು ರೂಪಾಯಿ ಉಳಿಯಿತು ಎಂದು ತಂದದ್ದರಲ್ಲಿ ಮೂರು ಪಾಲು ಹಳಸಿದ್ದನ್ನೇ ಆ ಪುಟ್ಟ ಜೀವ ತಿನ್ನಬೇಕಾಗುತ್ತದೆ.

ಡಬ್ಬಿ ಎಲ್ಲಿದೆ? ಒಲೆಯ ಪಕ್ಕ, ಫ್ರಿಜ್‌ನ ತಲೆಯ ಮೇಲೆ, ಬಿಸಿಲು ಬೀಳುವ ಬಾಲ್ಕನಿ, ಬಚ್ಚಲ ಗೋಡೆ, ಶೀಟಿನ ಮಾಡಿನ ಕೆಳಗಿನ ಅಟ್ಟ, ಕಾರಿನ ಡಿಕ್ಕಿ ಯಾವುದೂ ಆಗದು. 27 ಡಿಗ್ರಿಯೊಳಗಿನ ಜಾಗ ಸಿಕ್ಕರೆ ಒಳ್ಳೆಯದು. ಸಿಗದ ಊರಿನಲ್ಲಿ ಮನೆಯ ಅತಿ ತಂಪಾದ, ಒಣ ಕೋಣೆ ಆರಿಸಿ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಹೊಗೆ ಅಟ್ಟದಲ್ಲಿ ಮಳೆಗಾಲಕ್ಕೆ ಬೇಕಾದ ಒಣ ಸಾಮಾನೆಲ್ಲ ಚೆನ್ನಾಗಿ ಉಳಿಯುತ್ತದೆ ಎಂದು ಡಾಗ್ ಫುಡ್ಡನ್ನೂ ಅಲ್ಲಿಗೇರಿಸುವುದುಂಟು. ತೇವದಿಂದ ತಪ್ಪಿಸಿಕೊಂಡರೂ ಅದು ಅಲ್ಲಿನ ಬಿಸಿಗೆ ಕಮಟಾಗುತ್ತದೆ.

ಒಳಗಿನ ಗಾಳಿ ಒಣಗಿದೆಯೇ? ಇದಕ್ಕೆ ಅಡುಗೆಮನೆಯ ಉಪ್ಪೇ ಮಾಪಕ. ಎರಡು ಚಮಚ ಪುಡಿ ಉಪ್ಪನ್ನು ಬಾಣಲೆಯಲ್ಲಿ ಎರಡು ನಿಮಿಷ ಬಿಸಿಮಾಡಿ, ತಣಿದ ಮೇಲೆ ಚಿಕ್ಕ ಸ್ಟೀಲ್ ಬಟ್ಟಲಿಗೆ ಹಾಕಿ, ಡಬ್ಬಿಯೊಳಗೆ ಚೀಲದ ಪಕ್ಕ ಇಟ್ಟು ಮುಚ್ಚಿ. ಎರಡು ದಿನ ಬಿಟ್ಟು ಬಟ್ಟಲು ಓರೆಮಾಡಿ. ಹರಳುಗಳು ಮರಳಿನಂತೆ ಸರಸರ ಜಾರಿದರೆ ಚಿಂತೆಯಿಲ್ಲ. ಗುಡ್ಡೆ ಅಲ್ಲಾಡದೆ ಬಟ್ಟಲಿಗೆ ಅಂಟಿ ನಿಂತರೆ, ಅಂಚಿನಲ್ಲಿ ನೀರಿನ ಮಿನುಗು ಕಂಡರೆ, ಒಳಗಿನ ತೇವಾಂಶ ಶೇ. 75ನ್ನು ಮುಟ್ಟಿದೆ ಎಂದರ್ಥ. ಉಪ್ಪು ಗಾಳಿಯ ನೀರು ಹೀರಿ ಕರಗತೊಡಗುವುದು ಆ ಮಟ್ಟದಲ್ಲಿ. ಬೂಸ್ಟು ಬೆಳೆಯಲು ಶೇ. 70ರ ಆಸುಪಾಸೇ ಸಾಕು. ಹಾಗಾಗಿ ಉಪ್ಪು ಬೆವರಿದ ಡಬ್ಬಿಯಲ್ಲಿನ ಕಾಳನ್ನು ಅವತ್ತೇ ಒಂದೊಂದಾಗಿ ನೋಡಿ. ಕಲ್ಲುಪ್ಪು ಈ ಪರೀಕ್ಷೆಗೆ ಬೇಡ. ಅದರಲ್ಲಿರುವ ಬೇರೆ ಲವಣಗಳಿಂದಾಗಿ ಅದು ಇನ್ನೂ ಮೊದಲೇ ನೀರಾಡುತ್ತದೆ. ನಿಖರವಾಗಿ ಬೇಕೆಂದರೆ ಕೆಲವು ನೂರು ರೂಪಾಯಿಗೆ ಡಿಜಿಟಲ್ ತೇವಮಾಪಕ ಸಿಗುತ್ತದೆ. ಅದರ ಅಂಕಿ ಶೇ. 65 ದಾಟದಂತೆ ನೋಡಿಕೊಳ್ಳಿ.

## ನಾಯಿ ಮೂಸಿ ನೋಡಿ ಬಿಟ್ಟು ಹೋಗುತ್ತದೆ

ತಿನ್ನುತ್ತಿದ್ದ ಆಹಾರವನ್ನು ಏಕಾಏಕಿ ಬಿಟ್ಟರೆ ಎರಡು ಸಾಧ್ಯತೆ: ಆಹಾರ ಕೆಟ್ಟಿದೆ, ಇಲ್ಲವೇ ನಾಯಿಗೆ ಹುಷಾರಿಲ್ಲ. ಬೇರ್ಪಡಿಸುವುದು ಸುಲಭ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿ ಒಂದು ಹಿಡಿ ಅನ್ನದ ಜೊತೆ ಕೊಡಿ. ಅದನ್ನೂ ಮುಟ್ಟದಿದ್ದರೆ ತೊಂದರೆ ಡಬ್ಬಿಯದ್ದಲ್ಲ. ದೊಡ್ಡ ನಾಯಿ 24 ಗಂಟೆ, ಮರಿ 12 ಗಂಟೆ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ನೀರನ್ನೂ ಬಿಟ್ಟಿದ್ದರೆ ಅಷ್ಟು ಹೊತ್ತೂ ಕಾಯಬೇಡಿ.

ಅನ್ನ-ಕೋಳಿಯನ್ನು ಗಬಗಬ ತಿಂದರೆ ಮುಂದಿನ ಹೆಜ್ಜೆ: ಅದೇ ಕಂಪನಿಯ, ಅದೇ ರುಚಿಯ ಅತಿ ಚಿಕ್ಕ ಪಾಕೆಟ್ ಒಂದನ್ನು ಹೊಸದಾಗಿ ತನ್ನಿ. ಒಂದೇ ಥರದ ಎರಡು ಬಟ್ಟಲಲ್ಲಿ ಹಳತು, ಹೊಸತು ಸ್ವಲ್ಪ ಸ್ವಲ್ಪ ಇಡಿ. ಮರುದಿನ ಬಟ್ಟಲುಗಳ ಎಡ-ಬಲ ಬದಲಿಸಿ ಮತ್ತೊಮ್ಮೆ ನೋಡಿ. ಎರಡು ಸಲವೂ ಹೊಸದಕ್ಕೇ ಬಾಯಿ ಹಾಕಿದರೆ ಹಳೆಯ ಚೀಲ ಹಳಸಿದೆ. ನಿಮ್ಮ ಮೂಗಿಗೆ ಏನೂ ಗೊತ್ತಾಗದಿದ್ದರೂ ನಾಯಿಯ ಮೂಗನ್ನು ನಂಬಿ. ಎರಡನ್ನೂ ಬಿಟ್ಟು ನಿಮ್ಮ ದೋಸೆಯ ಚೂರಿಗೆ ಕಾಯುತ್ತಿದ್ದರೆ ಅದು ಅಭ್ಯಾಸದ ಮಾತು, ಶೇಖರಣೆಯ ದೋಷ ಅಲ್ಲ.

ಇಲ್ಲಿ ಒಂದು ತಪ್ಪು ಮನೆಮನೆಯಲ್ಲೂ ಆಗುತ್ತದೆ. ನಾಯಿ ತಿನ್ನಲಿಲ್ಲ ಎಂದು ಮೊಸರು, ತುಪ್ಪ, ಕೋಳಿಸಾರು ಕಲಸಿ ತಿನ್ನಿಸುತ್ತಾರೆ. ಬೇಡವೆಂದು ನಾಯಿ ಹೇಳಿದ್ದನ್ನು ಸಾರಿನ ವಾಸನೆಯಲ್ಲಿ ಮುಚ್ಚಿ ಹೊಟ್ಟೆಗಿಳಿಸಿದಂತೆ ಇದು. ಕಾರಣ ತಿಳಿಯುವವರೆಗೆ ಏನೂ ಕಲಸಬೇಡಿ.

## ಕಮಟು ವಾಸನೆ, ಬಣ್ಣ ಮಾಸಿದ ಕಾಳು, ಡಬ್ಬಿಗೆ ಅಂಟಿದ ಜಿಡ್ಡು

ಹಳೆಯ ಕಡಲೆಕಾಯಿ ಎಣ್ಣೆ, ಬಣ್ಣದ ಡಬ್ಬಿ, ಮೇಣದ ಬಳಪ ಇವುಗಳ ವಾಸನೆ ಬಂದರೆ ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಡೆದಿದೆ. ಬಿಸಿ ಪ್ರತಿ 10 ಡಿಗ್ರಿ ಏರಿದಂತೆ ಈ ಕ್ರಿಯೆಯ ವೇಗ ಸುಮಾರಾಗಿ ದುಪ್ಪಟ್ಟಾಗುತ್ತದೆ. ಧಾರವಾಡದ ತಂಪು ಕೋಣೆಯಲ್ಲಿ ಆರು ವಾರ ಬಾಳುವ ಚೀಲ ರಾಯಚೂರಿನ ಮೇ ತಿಂಗಳಲ್ಲಿ ಅಷ್ಟು ಬಾಳದಿರುವುದು ಇದಕ್ಕೇ.

ಕಾಳಿನ ಮೇಲೆ ಸವರಿದ ರುಚಿಯ ಪುಡಿ ಕಮಟನ್ನು ಮರೆಸುತ್ತದೆ. ಅದನ್ನು ಹೊರಗೆಳೆಯಲು ಬಿಸಿನೀರು ಬೇಕು. ಚೀಲದ ಮೇಲ್ಭಾಗದಿಂದ ಹತ್ತು ಕಾಳು, ತಳದಿಂದ ಹತ್ತು ಕಾಳು ಬೇರೆ ಬೇರೆ ಸ್ಟೀಲ್ ಲೋಟಕ್ಕೆ ಹಾಕಿ. ಮುಳುಗುವಷ್ಟು ಕುದಿನೀರು ಹುಯ್ದು ತಟ್ಟೆ ಮುಚ್ಚಿ. ಐದು ನಿಮಿಷ ಬಿಟ್ಟು ತಟ್ಟೆ ಸರಿಸಿದ ತಕ್ಷಣ ಮೂಸಿ. ಚೆನ್ನಾಗಿರುವ ಕಾಳಿನಿಂದ ಬೇಯಿಸಿದ ಮಾಂಸ, ಹುರಿದ ಹಿಟ್ಟಿನ ಪರಿಮಳ ಬರುತ್ತದೆ. ಕಮಟಾಗಿದ್ದರೆ ಗಂಟಲು ಕೆರೆಯುವ ಘಾಟು. ಬೂಸ್ಟು ಹಿಡಿದಂತೆ ಕಂಡ ಕಾಳಿಗೆ ಮಾತ್ರ ಈ ಪರೀಕ್ಷೆ ಮಾಡಬೇಡಿ.

ತಳದ್ದು ಮಾತ್ರ ಕಮಟು, ಮೇಲಿನದ್ದು ಸರಿ ಎಂದಾದರೆ ಡಬ್ಬಿಯನ್ನು ಅನುಮಾನಿಸಿ. ಚೀಲದಿಂದ ನೇರ ಪ್ಲಾಸ್ಟಿಕ್ ಡಬ್ಬಿಗೆ ಸುರಿಯುವ ಮನೆಗಳಲ್ಲಿ ಇದು ಸಾಮಾನ್ಯ. ಕಾಳಿನ ಕೊಬ್ಬು ಡಬ್ಬಿಯ ಒಳಮೈಗೆ ಹತ್ತುತ್ತದೆ, ಪುಡಿ ತಳ ಸೇರುತ್ತದೆ. ಹೊಸ ಚೀಲವನ್ನು ಹಳೆಯ ಪುಡಿಯ ಮೇಲೇ ಸುರಿದರೆ ಹೆಪ್ಪು ಹಾಕಿದ ಹಾಗೆ: ಹಳೆಯ ಕಮಟು ಹೊಸದನ್ನೂ ಬೇಗ ಕೆಡಿಸುತ್ತದೆ. ಒಳಗೋಡೆಯನ್ನು ಬಿಳಿ ಕಾಗದದಿಂದ ಒರೆಸಿ ನೋಡಿ. ಹಳದಿ ಜಿಡ್ಡು ಬಂದರೆ ದೋಷ ಸಿಕ್ಕಂತೆ.

ಹೊಸ ಚೀಲ ತೆರೆದ ದಿನವೇ ಕಮಟು ಬಂದರೆ, ಚೀಲದ ಹೊರಮೈಯಲ್ಲೇ ಎಣ್ಣೆ ಒಸರಿದ ಕಲೆಯಿದ್ದರೆ, ಅದು ಗೋದಾಮಿನಲ್ಲೋ ಲಾರಿಯಲ್ಲೋ ಬಿಸಿ ತಿಂದಿದೆ. ಬಿಲ್ಲಿನೊಂದಿಗೆ ಅಂಗಡಿಗೆ ಹಿಂತಿರುಗಿಸಿ.

ಕಮಟು ಒಂದು ದಿನ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಭೇದಿಗಿಂತ ಹೆಚ್ಚಿನದಾಗದು. ವಾರಗಟ್ಟಲೆ ತಿನ್ನಿಸಿದರೆ ವಿಟಮಿನ್ ಇ, ವಿಟಮಿನ್ ಎ ಕೊರತೆಗೆ ದಾರಿ, ಏಕೆಂದರೆ ಕೊಬ್ಬು ಒಡೆಯುವಾಗ ಅವೂ ನಾಶವಾಗುತ್ತವೆ. ಕಮಟು ಹೋಗಿಸುವ ಉಪಾಯ ಯಾವುದೂ ಇಲ್ಲ. ಬಿಸಾಡಬೇಕು.

## ಕಾಳು ಮೆತ್ತಗಾಗಿದೆ, ಗಂಟು ಕಟ್ಟಿದೆ, ಮುಗ್ಗಲು ವಾಸನೆ

ಒಂದು ಕಾಳನ್ನು ಬೆರಳಲ್ಲಿ ಮುರಿದು ನೋಡಿ. ಟಕ್ ಎಂದು ಮುರಿದು ಅಂಚು ಪುಡಿಯಾದರೆ ಒಣಗಿದೆ. ಬಾಗಿ, ನಿಧಾನ ಹರಿದರೆ ನೀರು ಹೀರಿದೆ. ಕಾರ್ಖಾನೆಯಿಂದ ಹೊರಡುವಾಗ ಒಣ ಆಹಾರದ ತೇವ ಸಾಮಾನ್ಯವಾಗಿ ಶೇ. 10-12ರೊಳಗಿರುತ್ತದೆ. ಬಾಯಿ ತೆರೆದಿಟ್ಟರೆ ಅದು ಸುತ್ತಲ ಗಾಳಿಗೆ ಸಮವಾಗುವವರೆಗೆ ಹೀರುತ್ತಲೇ ಇರುತ್ತದೆ. ಜುಲೈ ತಿಂಗಳ ಉಡುಪಿಯ ಗಾಳಿಯಲ್ಲಿ ತೇವಾಂಶ ಶೇ. 85-90. ಬೂಸ್ಟಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು. ಅಲ್ಲಿ ಕಾಳಿನ ಮೇಲೆ ಒಂದು ಹನಿ ನೀರೂ ಬೀಳಬೇಕಿಲ್ಲ, ಸಡಿಲ ಮುಚ್ಚಳ ಒಂದೇ ಸಾಕು.

ಮುಚ್ಚಳ ಪರೀಕ್ಷೆ: ಡಬ್ಬಿಯ ಬಾಯಂಚಿಗೆ ಒಂದು ಕಾಗದದ ಪಟ್ಟಿ ಇಟ್ಟು ಮುಚ್ಚಳ ಹಾಕಿ, ಪಟ್ಟಿಯನ್ನು ಎಳೆಯಿರಿ. ಬಿಗಿಯಾಗಿ ಹಿಡಿದರೆ ಸರಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಗಾಳಿ ಆಡುತ್ತಿದೆ. ನಾಲ್ಕೂ ದಿಕ್ಕಿನಲ್ಲಿ ನೋಡಿ. ರಬ್ಬರ್ ಉಂಗುರ ಸಡಿಲವಾಗಿದ್ದರೆ ಅದನ್ನಷ್ಟೇ ಬದಲಿಸಿದರೆ ಸಾಕಾಗುವುದುಂಟು.

ಮುಚ್ಚಳ ಸರಿಯಿದ್ದೂ ಗಂಟು ಕಟ್ಟಿದ್ದರೆ ಕೈಗಳ ಕಡೆ ನೋಡಿ. ಒದ್ದೆ ಲೋಟದಲ್ಲಿ ಮೊಗೆಯುವುದು, ನಾಯಿ ಬಿಟ್ಟ ಕಾಳನ್ನು ಮತ್ತೆ ಡಬ್ಬಿಗೆ ಹಾಕುವುದು, ಪಾತ್ರೆ ತೊಳೆಯುತ್ತಿದ್ದ ಕೈಯಲ್ಲೇ ಚೀಲಕ್ಕೆ ಕೈ ಹಾಕುವುದು. ಇನ್ನೊಂದು ಕಾರಣ ಫ್ರಿಜ್. ತಣ್ಣಗಿನ ಡಬ್ಬಿಯನ್ನು ದಿನಕ್ಕೆರಡು ಸಲ ಹೊರತೆಗೆದು ತೆರೆದಾಗ ಹೊರಗಿನ ಬಿಸಿ ಗಾಳಿಯ ನೀರು ಕಾಳಿನ ಮೇಲೆ ಬೆವರಾಗಿ ಕೂರುತ್ತದೆ. ದಿನಬಳಕೆಯ ಚೀಲವನ್ನು ಫ್ರಿಜ್‌ನಲ್ಲಿ ಇಡಬೇಡಿ. ಡಬ್ಬಿ ನೆಲಕ್ಕೆ, ಗೋಡೆಗೆ ತಾಗಿದ್ದರೆ ತಳದಲ್ಲಿ ಮಾತ್ರ ಗಂಟು ಕಾಣುತ್ತದೆ. ಹಲಗೆಯ ಮೇಲೆ ನೆಲದಿಂದ ಒಂದು ಗೇಣು ಎತ್ತರದಲ್ಲಿ, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ಇಡಿ.

ರಾತ್ರಿ ಮುಚ್ಚಳ ಹಾಕಲು ಮರೆತು ಬೆಳಿಗ್ಗೆ ಸ್ವಲ್ಪ ಮೆತ್ತಗಾಗಿದೆ, ವಾಸನೆ, ಬಣ್ಣ ಬದಲಾಗಿಲ್ಲ ಎಂದರೆ ಎರಡು-ಮೂರು ದಿನದಲ್ಲಿ ತಿನ್ನಿಸಿ ಮುಗಿಸಬಹುದು. ಎಷ್ಟು ದಿನದಿಂದ ಮೆತ್ತಗಿದೆ ಗೊತ್ತಿಲ್ಲ ಎಂದರೆ, ಮುಗ್ಗಲು ವಾಸನೆ ಇದ್ದರೆ, ತಿನ್ನಿಸಬೇಡಿ. ಬಾಣಲೆಯಲ್ಲಿ ಹುರಿದು ಗರಿಗರಿ ಮಾಡಿದರೆ ಮೇಲ್ನೋಟಕ್ಕಷ್ಟೇ ಸರಿಯಾದೀತು.

## ಬಿಳಿ, ಹಸಿರು, ಕಪ್ಪು ಪೊರೆ

ಬಿಳಿ ಕಂಡಿದ್ದೆಲ್ಲ ಬೂಸ್ಟಲ್ಲ. ಕೊಡಗು, ಚಿಕ್ಕಮಗಳೂರಿನ ಚಳಿಯಲ್ಲಿ ಕಾಳಿನ ಮೇಲಿನ ಕೊಬ್ಬು ಗಟ್ಟಿಯಾಗಿ ಬಿಳಿ ಕಾಣಬಹುದು. ಚೆನ್ನಾದ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ: ನಯವಾದ ಮೇಣದ ಹಾಗೆ ಕೂತಿದ್ದು, ಬೆರಳ ಬಿಸಿಗೆ ಕರಗಿ ಜಿಡ್ಡಾದರೆ ಕೊಬ್ಬು. ಹತ್ತಿಯ ಎಳೆಯ ಹಾಗೆ ಎದ್ದು ನಿಂತಿದ್ದರೆ, ಹಸಿರು, ಹಳದಿ ಮಿಶ್ರಿತ ಹಸಿರು ಅಥವಾ ಕಪ್ಪು ಚುಕ್ಕೆ ಇದ್ದರೆ ಬೂಸ್ಟು. ಅದು ಖಚಿತವಾದ ಕೂಡಲೇ ತಪಾಸಣೆ ನಿಲ್ಲಿಸಿ. ಮೂಸಬೇಡಿ. ಆಸ್ತಮಾ ಇರುವವರು ಡಬ್ಬಿ ಮುಟ್ಟದಿರುವುದೇ ಒಳ್ಳೆಯದು.

ಬೂಸ್ಟು ಹಿಡಿದ ನಾಲ್ಕು ಕಾಳು ಆರಿಸಿ ಉಳಿದದ್ದು ತಿನ್ನಿಸಬಹುದೇ? ಖಂಡಿತ ಬೇಡ. ಕಣ್ಣಿಗೆ ಕಾಣುವುದು ಬೆಳೆದು ನಿಂತ ಭಾಗ ಮಾತ್ರ, ಅದರ ಎಳೆಗಳು ಅಕ್ಕಪಕ್ಕದ ಕಾಳಿಗೂ ಹೋಗಿರುತ್ತವೆ. ಅದಕ್ಕಿಂತ ದೊಡ್ಡ ಭಯ ಬೂಸ್ಟು ಬಿಡುವ ವಿಷದ್ದು. ಆಸ್ಪರ್ಜಿಲಸ್ ಜಾತಿಯ ಕೆಲವು ಬೂಸ್ಟುಗಳು ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಯಂಥ ಪದಾರ್ಥಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತವೆ. ಅದು ಯಕೃತ್ತನ್ನು ತಿನ್ನುತ್ತದೆ. ಕುದಿಸಿದರೆ, ಹುರಿದರೆ, ಬಿಸಿಲಿಗೆ ಹಾಕಿದರೆ ಬೂಸ್ಟು ಸತ್ತರೂ ವಿಷ ಉಳಿಯುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಮನೆಗಳ ನಾಯಿಗಳೂ ಹೊಟ್ಟೆ ಊದಿ, ಕಾಮಾಲೆಯಾಗಿ ಸತ್ತಿದ್ದವು. ನಾಯಿ ಈ ವಿಷಕ್ಕೆ ಬಹಳ ಸೂಕ್ಷ್ಮ, ಮೇಲಾಗಿ ದಿನಾ ಒಂದೇ ಚೀಲದಿಂದ ತಿನ್ನುವ ಪ್ರಾಣಿ.

ಕೈಗವಸು, ಮಾಸ್ಕ್ ಹಾಕಿ, ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ಬೀದಿನಾಯಿಗೆ ಸುರಿಯಬೇಡಿ, ಅದಕ್ಕೂ ಯಕೃತ್ತು ಇದೆ. ಹಸುವಿಗೆ ಹಾಕಬೇಡಿ: ದನಕ್ಕೆ ಮಾಂಸದ ಪುಡಿ ಇರುವ ಆಹಾರವೇ ಸಲ್ಲದು, ಜೊತೆಗೆ ಅಫ್ಲಟಾಕ್ಸಿನ್ ಹಾಲಿಗೂ ಇಳಿಯುತ್ತದೆ. ಕೋಳಿ, ಬಾತುಕೋಳಿಗೂ ಬೇಡ. ತಿಪ್ಪೆಗೆ ಎಸೆದರೆ ಯಾವುದೋ ನಾಯಿ ಕೆದಕಿ ತಿನ್ನುತ್ತದೆ.

## ಹುಳು, ಬಲೆ, ಚೀಲದಲ್ಲಿ ತೂತು

ಮೊದಲು ತೂತು ನೋಡಿ. ಕೆಲವು ಚೀಲಗಳಲ್ಲಿ ಗಾಳಿ ಹೋಗಲೆಂದು ತಯಾರಕರೇ ಸೂಜಿಮೊನೆಯ ರಂಧ್ರ ಬಿಟ್ಟಿರುತ್ತಾರೆ. ಅವು ಒಂದೇ ಗಾತ್ರದಲ್ಲಿ, ಸಾಲಾಗಿ ಇರುತ್ತವೆ. ಅಡ್ಡಾದಿಡ್ಡಿ ಇದ್ದು, ಅಂಚು ಹರಿದಂತಿದ್ದರೆ ಹುಳು ಕೊರೆದದ್ದು. ಆಮೇಲೆ ಒಂದು ಲೋಟ ಕಾಳನ್ನು ಬಿಳಿ ಹಾಳೆಯ ಮೇಲೆ ಹರಡಿ.

ಕೆಂಗಂದು ಬಣ್ಣದ, 3-4 ಮಿ.ಮೀ. ಚಪ್ಪಟೆ ಹುಳು ಎಂದರೆ ರವೆ, ಮೈದಾದಲ್ಲಿ ಕಾಣುವ ಅದೇ ಹಿಟ್ಟಿನ ಹುಳು. ಕಾಳುಗಳು ರೇಷ್ಮೆ ಎಳೆಯಿಂದ ಒಂದಕ್ಕೊಂದು ಅಂಟಿದ್ದು, ಸಂಜೆ ದೀಪದ ಬಳಿ ಚಿಕ್ಕ ಕಂದು ಪತಂಗ ಹಾರಾಡುತ್ತಿದ್ದರೆ ಪತಂಗದ ಮರಿಹುಳು. ನೀಲಿ-ಹಸಿರಾಗಿ ಹೊಳೆಯುವ, ಕೆಂಪು ಕಾಲಿನ ದುಂಬಿ ಕಂಡರೆ ಹತ್ತಿರದಲ್ಲಿ ಕೊಬ್ಬರಿಯೋ ಒಣಮೀನೋ ಇದೆಯೇ ನೋಡಿ, ಅದಕ್ಕೆ ಇವೆರಡೂ ಪ್ರಿಯ. ಕರಾವಳಿಯ ಉಗ್ರಾಣಗಳಲ್ಲಿ ಕೊಬ್ಬರಿ, ಒಣಮೀನು, ಡಾಗ್ ಫುಡ್ ಮೂರೂ ಅಕ್ಕಪಕ್ಕ ಇರುವುದೇ ತೊಂದರೆ. ಮೈತುಂಬ ರೋಮದ ಕಂದು ಮರಿಹುಳು, ಅದರ ಕಳಚಿದ ಪೊರೆ ಕಂಡರೆ ಚೀಲ ಪೂರ್ತಿ ಬಿಸಾಡಿ. ಆ ರೋಮ ನಾಯಿಯ ಬಾಯಿ, ಕರುಳಿಗೆ ಚುಚ್ಚುತ್ತದೆ.

ಹುಳುವೇ ಕಾಣದೆ, ತಳದಲ್ಲಿ ತಿಳಿಕಂದು ಪುಡಿ ಮಾತ್ರ ಹೆಚ್ಚುತ್ತಿದ್ದರೆ ನುಸಿಯನ್ನು (ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಮೈಟ್) ಶಂಕಿಸಿ. ಆ ಪುಡಿಯನ್ನು ಒಂದು ಚಿಟಿಕೆ ಕಪ್ಪು ಕಾಗದದ ಮೇಲೆ ತೆಳ್ಳಗೆ ಹರಡಿ ಕಾಲು ಗಂಟೆ ಬಿಡಿ. ಅಂಚು ಸರಿದಿದ್ದರೆ, ಭೂತಗನ್ನಡಿಯಲ್ಲಿ ಪುಡಿಯೇ ಹರಿದಾಡಿದಂತೆ ಕಂಡರೆ ಅದು ನುಸಿ. ಇದಕ್ಕೂ ಮೂಲ ತೇವವೇ. ಅಲರ್ಜಿಯ ನಾಯಿ ಇದರಿಂದ ಕಿವಿ, ಪಾದ ಕೆರೆದುಕೊಳ್ಳಬಹುದು.

ನಾಲ್ಕಾರು ಹಿಟ್ಟಿನ ಹುಳು ಮಾತ್ರ ಇದ್ದು, ವಾಸನೆ ಸರಿಯಿದ್ದರೆ ಉಳಿಸಿಕೊಳ್ಳಬಹುದು. ಒಂದೊಂದು ಕೆ.ಜಿ. ಮಾಡಿ ಗಾಳಿಯಾಡದ ಕವರಿನಲ್ಲಿ ಕಟ್ಟಿ, ಐಸ್‌ಕ್ರೀಂ ಕಲ್ಲಿನಂತೆ ನಿಲ್ಲುವ ಫ್ರೀಜರಿನಲ್ಲಿ, ಅಂದರೆ ಮೈನಸ್ 18 ಡಿಗ್ರಿಯಲ್ಲಿ, ನಾಲ್ಕು ದಿನ ಇಡಿ. ಮೊಟ್ಟೆಯೂ ಸಾಯುತ್ತದೆ. ಹೊರತೆಗೆದ ಮೇಲೆ ಕವರು ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಇಲ್ಲವಾದರೆ ಒಳಗೆ ಬೆವರುತ್ತದೆ. ಹುಳು ಹೆಚ್ಚಿದ್ದರೆ, ಬಲೆ ಕಟ್ಟಿದ್ದರೆ ಉಳಿಸುವ ಆಸೆ ಬಿಡಿ. ರಾಗಿ, ತೊಗರಿ ಬಿಸಿಲಿಗೆ ಹಾಕಿದಂತೆ ಇದನ್ನು ಅಂಗಳದಲ್ಲಿ ಹರವಬೇಡಿ. ಹುಳು ಓಡಿಹೋಗಬಹುದು, ಆದರೆ ಕೊಬ್ಬು ಅಲ್ಲೇ ಕಮಟಾಗುತ್ತದೆ.

ಅಕ್ಕಿ ಡಬ್ಬಿಯ ರೂಢಿಗಳನ್ನು ಇಲ್ಲಿಗೆ ತರುವುದು ಅಪಾಯ. ಬೋರಿಕ್ ಪುಡಿ, ಕರ್ಪೂರ, ನುಸಿಗುಳಿಗೆ (ನ್ಯಾಫ್ತಲೀನ್) ಮೂರೂ ನಾಯಿಗೆ ವಿಷ. ಅಕ್ಕಿಯನ್ನಾದರೆ ತೊಳೆದು ಬೇಯಿಸುತ್ತೇವೆ, ಇದನ್ನು ನಾಯಿ ಹಾಗೇ ತಿನ್ನುತ್ತದೆ. ಗೋದಾಮುಗಳಲ್ಲಿ ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಮನೆಯೊಳಗೆ ತರಲೇಬಾರದು. ಗಾಳಿಯ ತೇವಕ್ಕೇ ಅದು ಬಿಡುವ ಅನಿಲ ಮಲಗಿದ್ದ ಮನುಷ್ಯರನ್ನೂ ಕೊಲ್ಲುತ್ತದೆ.

## ಇರುವೆ

ಹೆದರಬೇಕಾದದ್ದಿಲ್ಲ. ನೆರಳಿನಲ್ಲಿ ಹಳೆ ಬೆಡ್‌ಶೀಟ್ ಹಾಸಿ ಕಾಳು ಹರಡಿದರೆ ಅರ್ಧ ಗಂಟೆಯಲ್ಲಿ ಬಹುಪಾಲು ಹೊರಟುಹೋಗುತ್ತವೆ. ಡಬ್ಬಿಯನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಟ್ಟಿಗೆಯ ಮೇಲೆ ಇಡಿ. ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿದರೆ ಇರುವೆ ತೇಲಿ ದಾಟಲಾರದು. ಇರುವೆ ಚಾಕ್, ಸ್ಪ್ರೇ ಡಬ್ಬಿಯ ಹತ್ತಿರ ಬೇಡ, ಅದರಲ್ಲಿರುವುದು ಕೀಟನಾಶಕ.

## ಇಲಿ ಕಡಿದ ಗುರುತು, ಹಿಕ್ಕೆ

ಒಂದೇ ಒಂದು ಹಿಕ್ಕೆ ಕಂಡರೂ ತೆರೆದ ಚೀಲ ಪೂರ್ತಿ ಹೋಯಿತೆಂದೇ ತಿಳಿಯಿರಿ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಅದರ ಕಾಟ ಹೆಚ್ಚು. ಒಣ ಪೊರಕೆಯಲ್ಲಿ ಗುಡಿಸಬೇಡಿ, ಧೂಳು ಏಳುತ್ತದೆ. ಕೈಗವಸು ಹಾಕಿ, ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ ತೆಗೆಯಿರಿ. ಫಿನಾಯಿಲ್, ಆ್ಯಸಿಡ್ ಏನನ್ನೂ ಬ್ಲೀಚ್ ಜೊತೆ ಬೆರೆಸಬೇಡಿ.

ಇಲಿ ಪಾಷಾಣ ಇಡುವ ಮನಸ್ಸಾದರೆ ತಡೆಯಿರಿ. ಪಾಷಾಣವನ್ನೋ ಅದನ್ನು ತಿಂದ ಇಲಿಯನ್ನೋ ನಾಯಿ ಹಿಡಿದೇ ಹಿಡಿಯುತ್ತದೆ. ಬೋನು ಇಡಿ, ಆಹಾರವನ್ನು ದಪ್ಪ ಸ್ಟೀಲ್ ಡಬ್ಬಿಗೆ ಬದಲಿಸಿ. ಪ್ಲಾಸ್ಟಿಕ್ಕನ್ನು ಇಲಿ ಒಂದೇ ರಾತ್ರಿಯಲ್ಲಿ ಕೊರೆಯಬಲ್ಲದು. ನಾಯಿ ಪಾಷಾಣ ತಿಂದ ಅನುಮಾನ ಬಂದರೆ ಅದರ ಪೊಟ್ಟಣದೊಂದಿಗೆ ಕೂಡಲೇ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯವು ಕೆಲವು ದಿನ ಏನೂ ತೋರಿಸದೆ ಆಮೇಲೆ ರಕ್ತಸ್ರಾವ ಶುರುಮಾಡುತ್ತವೆ.

## ತಿಂದ ಮೇಲೆ ವಾಂತಿ, ಭೇದಿ, ಮಂಕು

ಹೊಸ ಕಂಪನಿಯ ಆಹಾರಕ್ಕೆ ಒಂದೇ ದಿನದಲ್ಲಿ ಬದಲಿಸಿದ್ದರೆ ಭೇದಿ ಅದರಿಂದಲೇ ಇರಬಹುದು. ಏಳು ದಿನ ಹಳತಿನೊಂದಿಗೆ ಬೆರೆಸುತ್ತ ಬದಲಿಸಬೇಕಿತ್ತು. ನಾಯಿ ಚುರುಕಾಗಿದ್ದು, ಒಂದೆರಡು ಸಲ ಮಾತ್ರ ಆಗಿದ್ದರೆ ಒಂದು ದಿನ ನೋಡಬಹುದು. ಮರಿ, ಮುದಿ ನಾಯಿ, ಗರ್ಭಿಣಿಯಾದರೆ ಕಾಯಬೇಡಿ.

ಬೂಸ್ಟು ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ನಡುಕ, ತೂರಾಟ, ಫಿಟ್ಸ್ ಬಂದರೆ ನರಕ್ಕೆ ಹೊಡೆಯುವ ಬೂಸ್ಟಿನ ವಿಷ. ಇದಕ್ಕೆ ಮನೆಮದ್ದಿಲ್ಲ. ಅಫ್ಲಟಾಕ್ಸಿನ್ ನಿಧಾನ: ಮೊದಲು ಊಟ ಬಿಡುವುದು, ಮಂಕು, ವಾಂತಿ, ನೀರು ಹೆಚ್ಚು ಕುಡಿಯುವುದು, ದಿನಗಳೋ ವಾರಗಳೋ ಕಳೆದ ಮೇಲೆ ಕಾಮಾಲೆ. ನಮ್ಮ ಕಡೆ ಉಣ್ಣಿ ಕಚ್ಚಿ ಬರುವ ಜ್ವರದಲ್ಲೂ, ಇಲಿಜ್ವರದಲ್ಲೂ ಹಳದಿ ಕಣ್ಣು, ಕಡು ಮೂತ್ರ ಕಾಣುತ್ತದೆ. ಯಾವುದೆಂದು ರಕ್ತಪರೀಕ್ಷೆಯೇ ಹೇಳಬೇಕು. ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಿಂದ ಶುರುಮಾಡಿ. ದೊಡ್ಡ ತಪಾಸಣೆ ಬೇಕಾದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಹೋಗುವಾಗ ಚೀಲ, ಬಿಲ್ಲು, ಅರ್ಧ ಕೆ.ಜಿ. ಕಾಳು ಒಣ ಗಾಜಿನ ಬಾಟಲಿಯಲ್ಲಿ ಒಯ್ಯಿರಿ. ಚೀಲ ಯಾವತ್ತು ತೆರೆದದ್ದು, ದಿನಕ್ಕೆ ಎಷ್ಟು ಗ್ರಾಂ, ಲಕ್ಷಣ ಯಾವ ದಿನದಿಂದ ಎಂದು ಬರೆದಿಟ್ಟುಕೊಳ್ಳಿ. ಮನೆಯವರಿಗೂ ಭೇದಿಯಾಗಿದ್ದರೆ ಹೇಳಿ. ಒಣ ಆಹಾರದಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದರೆ ಮುಟ್ಟಿದ ಕೈಯಿಂದ ಮಕ್ಕಳಿಗೂ ಹತ್ತುತ್ತದೆ. ಕಾಳು ಹಾಕಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಅದಕ್ಕೇ.

## ಡಬ್ಬಿ ತೊಳೆದು ಮತ್ತೆ ತುಂಬುವುದು

ಬಿಸಿನೀರು, ಪಾತ್ರೆ ಸೋಪಿನಿಂದ ಮೂಲೆಗಳನ್ನು, ಮುಚ್ಚಳದ ರಬ್ಬರ್ ತೆಗೆದು ಅದರ ಕಾಲುವೆಯನ್ನು ಉಜ್ಜಿ. ಬಟ್ಟೆಯಿಂದ ಒರೆಸಿ, 24 ಗಂಟೆ ಬಾಯಿ ತೆರೆದು ಒಣಗಿಸಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಇಡಿ. ತೊಳೆದ ಮೇಲೂ ಕಮಟು ಉಳಿದರೆ ಪ್ಲಾಸ್ಟಿಕ್ ಕೊಬ್ಬು ಹೀರಿದೆ, ಬದಲಿಸಬೇಕು. ಬಣ್ಣದ 20 ಲೀಟರ್ ಬಕೆಟ್, ಖಾಲಿ ಎಣ್ಣೆ ಟಿನ್ನು ಎಷ್ಟು ಗಟ್ಟಿಯಾಗಿದ್ದರೂ ಬೇಡ.

ಕಾಳನ್ನು ಸುರಿಯಬೇಡಿ, ಚೀಲ ಸಮೇತ ಡಬ್ಬಿಯಲ್ಲಿಡಿ. ಕೊಬ್ಬನ್ನು ಗಾಳಿಯಿಂದ ಕಾಯುವ ಪದರ ಇರುವುದು ಆ ಚೀಲದಲ್ಲಿ. 10 ಕೆ.ಜಿ. ಚೀಲ ಹಿಡಿಯಲು 30-35 ಲೀಟರಿನ ಡಬ್ಬಿ ಬೇಕು. ಪ್ರತಿ ಸಲ ಗಾಳಿ ಒತ್ತಿ ತೆಗೆದು, ಬಾಯಿ ಮೂರು ಮಡಿಕೆ ಮಡಚಿ ಎರಡು ಬಟ್ಟೆ ಕ್ಲಿಪ್ ಹಾಕಿ. ತೇವ ಹೀರುವ ಸಿಲಿಕಾ ಜೆಲ್ ಬಳಸುವುದಾದರೆ ಚೀಲದ ಹೊರಗೆ, ಮುಚ್ಚಳದ ಒಳಮೈಗೆ ಬಟ್ಟೆಯಲ್ಲಿ ಕಟ್ಟಿ ಅಂಟಿಸಿ. ಕಬ್ಬಿಣದ ಪುಡಿ ಇರುವ ಆಮ್ಲಜನಕ ಹೀರುವ ಪೊಟ್ಟಣ ಬೇಡ, ನಾಯಿ ನುಂಗಿದರೆ ಕಬ್ಬಿಣದ ವಿಷವೇರುತ್ತದೆ.

2020ರ ಕೊನೆಯಲ್ಲಿ ಅಮೆರಿಕದಲ್ಲಿ ಅಫ್ಲಟಾಕ್ಸಿನ್ ಇದ್ದ ಡಾಗ್ ಫುಡ್ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಗಳು ಬಂದಾಗ, ಕಂಪನಿ ಮಾರುಕಟ್ಟೆಯಿಂದ ಹಿಂದಕ್ಕೆ ಕರೆದ ಚೀಲ ಯಾವುದೆಂದು ಗುರುತಿಸಲು ಇದ್ದದ್ದು ಚೀಲದ ಮೇಲಿನ ಸಂಕೇತ, ದಿನಾಂಕ ಮಾತ್ರ. ಬಿಡಿಯಾಗಿ ತೂಗಿಸಿ ತಂದ ಕಾಳಿಗೆ ಆ ಗುರುತೇ ಇರುವುದಿಲ್ಲ. ಎಷ್ಟು ಅಗ್ಗವಾದರೂ ಅದನ್ನು ತರಬೇಡಿ. ಚೀಲ ಖಾಲಿಯಾದ ಮೇಲೂ ಬ್ಯಾಚ್ ನಂಬರ್ ಇರುವ ತುಂಡನ್ನು ಕತ್ತರಿಸಿ, ತೆರೆದ ದಿನಾಂಕವನ್ನು ಅದರ ಮೇಲೇ ಮಾರ್ಕರ್‌ನಲ್ಲಿ ಬರೆದು, ಮುಂದಿನ ಚೀಲ ಮುಗಿಯುವವರೆಗೆ ಮುಚ್ಚಳದ ಹೊರಗೆ ಅಂಟಿಸಿಡಿ.